ಗೆರೆ ಇದ್ದಲ್ಲಿ ನಡು ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿಯ ನಟ್ಟನಡುವೆ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಎಡಗೈಯ ಹೆಬ್ಬೆರಳಿಗೆ ದಾರ ಸುತ್ತಿದೆ. ಅದರ ಇನ್ನೊಂದು ತುದಿ ಐವತ್ತು ಮೀಟರ್ ಆಚೆ, ಮಬ್ಬಿನಲ್ಲಿ ಮುಖ ಕಾಣದ ಕೆಲಸಗಾರನ ಕೈಯಲ್ಲಿದೆ. ದಾರಕ್ಕೆ ಸುಣ್ಣದ ಪುಡಿ ಮೆತ್ತಿ, ಬಿಗಿಯಾಗಿ ಎಳೆದು, ಒಮ್ಮೆ ಎತ್ತಿ ಬಿಟ್ಟರೆ ಟಪ್ಪೆಂದು ಟಾರಿನ ಮೇಲೆ ಬಿಳಿ ಎಳೆಯೊಂದು ಮೂಡುತ್ತದೆ. ಹಿಂದಿನಿಂದ ಬರುವ ಬಣ್ಣದ ಗಾಡಿ ಆ ಎಳೆಯನ್ನೇ ನಂಬಿಕೊಂಡು ಗೆರೆ ಹಾಕುತ್ತದೆ. ಎಳೆ ಸೊಟ್ಟಗಾದರೆ ಗೆರೆ ಸೊಟ್ಟ. ಗೆರೆ ಸೊಟ್ಟಗಾದರೆ ಅದನ್ನು ನಂಬಿದ ಗಾಡಿಗಳೆಲ್ಲ ಸೊಟ್ಟ.

"ಲಾರಿ" ಅನ್ನುತ್ತಾರೆ ಅವರು, ತಲೆ ಎತ್ತದೆ.

ಉಳಿದವರಿಗೆ ಏನೂ ಕಾಣಿಸಿಲ್ಲ, ಏನೂ ಕೇಳಿಸಿಲ್ಲ. ಆದರೂ ಒಬ್ಬರೂ ಎದುರು ಮಾತಾಡದೆ ಅಂಚಿಗೆ ಸರಿಯುತ್ತಾರೆ. ಹತ್ತು ಎಣಿಸುವಷ್ಟರಲ್ಲಿ ತಿರುವಿನಿಂದ ಲಾರಿ ನುಗ್ಗಿ ಬಂದು, ನಿಲ್ಲಿಸಿದ ಕೋನ್‌ಗಳನ್ನೆಲ್ಲ ಅಲ್ಲಾಡಿಸಿ ಹೋಗುತ್ತದೆ. ಟಾರಿಗೆ ಒತ್ತಿದ ಅಂಗೈಗೆ ನಡುಕ ಮೊದಲೇ ತಿಳಿಯುತ್ತದಂತೆ. "ಬಣ್ಣದ ಗಾಡಿ ಪಕ್ಕಕ್ಕೆ ಬಂದ್ರೆ ಮಾತ್ರ ಈ ವಿದ್ಯೆ ನಡೆಯಲ್ಲ. ಅದರ ಗಡಗಡ ಎಲ್ಲಾನೂ ನುಂಗಿಬಿಡುತ್ತೆ. ಆಗ ಕಣ್ಣೇ ಗತಿ" ಎಂದು ಸುಣ್ಣದ ಕೈಯನ್ನು ಕಿತ್ತಳೆ ಬಣ್ಣದ ಜಾಕೀಟಿಗೆ ಒರೆಸಿಕೊಳ್ಳುತ್ತಾರೆ.

ಇಲಾಖೆಯ ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ. ರಸ್ತೆಯ ಮೇಲೆ ಎಲ್ಲರಿಗೂ ಅವರು ದಾರದಕ್ಕ. ವಯಸ್ಸಾದ ಲಾರಿ ಚಾಲಕರೂ ಕಿಟಕಿಯಿಂದ ಕೈಬೀಸಿ "ಅಕ್ಕಾ" ಅನ್ನುತ್ತಾರೆ. ಅವರ ಮಗನ ವಯಸ್ಸಿನ ಅಧಿಕಾರಿಗಳೂ ಅಕ್ಕ ಅನ್ನುತ್ತಾರೆ. ಈ ತಿರುವಿನ ಎಡಬದಿಯಲ್ಲಿ ಟಯರ್ ಅಂಗಡಿಯೊಂದಿದೆ. ಅದರ ಶಟರ್ ಈಗ ಕಿರ್ರೆಂದು ಮೇಲೇರುತ್ತದೆ. ಶಟರ್ ಎತ್ತಿದಾಕೆ ದಾರದಕ್ಕನ ಸ್ವಂತ ತಂಗಿ. ಅಕ್ಕ ಅತ್ತ ನೋಡುತ್ತಾರೆ. ತಂಗಿ ಇತ್ತ ನೋಡುವುದಿಲ್ಲ.

"ಊರೆಲ್ಲ ಅಕ್ಕ ಅನ್ನುತ್ತೆ. ಅನ್ನಬೇಕಾದವಳು ಮಾತು ಬಿಟ್ಟು ನಾಲ್ಕು ತಿಂಗಳಾಯ್ತು" ಎಂದು ದಾರದಕ್ಕ ಮತ್ತೆ ಮಂಡಿಯೂರುತ್ತಾರೆ. ಇವತ್ತು ಇದೇ ತಿರುವಿನ ಸರದಿ. ನನ್ನನ್ನು ಬೇರೆ ಎಲ್ಲಾದರೂ ಹಾಕಿ ಎಂದು ಕೇಳಬಹುದಿತ್ತು. ಕೇಳಿಲ್ಲ.

ಅವರು ಈ ಕೆಲಸಕ್ಕೆ ಸೇರಿದಾಗ ಇಪ್ಪತ್ತೆರಡು. ಈಗ ಐವತ್ತೊಂಬತ್ತಕ್ಕೆ ಹತ್ತಿರ. ಮೊದಲು ಗುಂಡಿ ಮುಚ್ಚುವ ತಂಡದಲ್ಲಿ ಜಲ್ಲಿ ಹೊತ್ತವರು. ಒಂದು ದಿನ ದಾರ ಹಿಡಿಯುವವನಿಗೆ ಜ್ವರ ಬಂದು ಇವರ ಕೈಗೆ ದಾರ ಬಂತು. ಎಳೆದ ಗೆರೆ ನೋಡಿ ಆಗಿನ ಮೇಸ್ತ್ರಿ, "ಇನ್ನು ನೀನು ಬುಟ್ಟಿ ಮುಟ್ಟಬೇಡ" ಅಂದನಂತೆ. ಅಂದಿನಿಂದ ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯ ಮಾಗುತ್ತದೆ, ಇನ್ನೊಂದು ಬೀಳುತ್ತದೆ. ದಿನಕ್ಕೆ ಆರು ಕಿಲೋಮೀಟರ್ ಗೆರೆ ಅಂದರೆ ನೂರಿಪ್ಪತ್ತು ಸಲ ಕೂರಬೇಕು, ನೂರಿಪ್ಪತ್ತು ಸಲ ಏಳಬೇಕು. ಮೊಣಕಾಲಿಗೆ ಹಳೆಯ ಟಯರ್ ಟ್ಯೂಬಿನ ತುಂಡು ಕಟ್ಟಿಕೊಳ್ಳುತ್ತಾರೆ. ಆ ತುಂಡುಗಳನ್ನು ಅಳತೆಗೆ ಕತ್ತರಿಸಿ ಹೊಲಿದು ಕೊಡುತ್ತಿದ್ದವಳು ತಂಗಿಯೇ. ಈಗಿರುವುದು ಸವೆದು ತೂತು ಬಿದ್ದಿದೆ. ಹೊಸದು ಕೇಳುವ ಹಾಗಿಲ್ಲ.

ಈ ತಿರುವಿನ ಜೊತೆ ಅವರಿಗೆ ಇನ್ನೊಂದು ಲೆಕ್ಕ ಬಾಕಿಯಿದೆ. ಹನ್ನೊಂದು ವರ್ಷದ ಹಿಂದೆ ಇವರ ತಂಡದಲ್ಲಿ ಬ್ರಷ್ಷಣ್ಣ ಎಂಬ ಕೆಲಸಗಾರ ಇದ್ದರು. ಗೆರೆಯ ಅಂಚು ತಿದ್ದುವುದರಲ್ಲಿ ಎತ್ತಿದ ಕೈ. ಆಗ ಟಯರ್ ಅಂಗಡಿಯ ಪಕ್ಕದಲ್ಲಿ ಹಳೆಯ ವಸತಿಗೃಹವೊಂದು ನಡೆಯುತ್ತಿತ್ತು. ಅದರ ಮುಂದೆ ಎರಡು ಲಾರಿ ರಸ್ತೆಗೆ ಮೂಗು ಚಾಚಿ ನಿಂತಿದ್ದವು. ಅವುಗಳ ಮರೆಯಿಂದ ಬಂದ ವ್ಯಾನು ಬ್ರಷ್ಷಣ್ಣನಿಗೂ ಕಾಣಲಿಲ್ಲ, ಬ್ರಷ್ಷಣ್ಣ ವ್ಯಾನಿನವನಿಗೂ ಕಾಣಲಿಲ್ಲ. ಎಡಗಾಲು ಹೋಯಿತು. ಈಗ ಅವರು ಇಲಾಖೆಯ ಉಗ್ರಾಣದ ಬಾಗಿಲಲ್ಲಿ ಕೂತು ಕೋನ್ ಎಣಿಸಿ ಕೊಡುತ್ತಾರೆ. "ಬೆಳಿಗ್ಗೆ ನಲವತ್ತು ಕೊಡ್ತಾರೆ, ಸಂಜೆ ನಲವತ್ತು ತಗೋತಾರೆ. ಕೋನ್ ಎಣಿಸಿ ಆದ್ಮೇಲೆ ನಮ್ಮ ಕಾಲೂ ಎಣಿಸ್ತಾರೆ" ಎಂದು ದಾರದಕ್ಕ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಆ ವಸತಿಗೃಹ ಮುಚ್ಚಿ ಹಾಳುಬಿದ್ದಿತ್ತು. ಹೋದ ವರ್ಷ ಹೊಸ ಮಾಲೀಕರು ಕೊಂಡರು. ಕೆಡವಿ, ಮೂರು ಅಂತಸ್ತಿನ ಅಂಗಡಿ ಕಟ್ಟಡ ಏಳಿಸುವುದು ಅವರ ಯೋಚನೆ. ಸ್ವಂತ ಜಾಗದಲ್ಲಿ ಏನು ಬೇಕಾದರೂ ಕಟ್ಟಬಹುದು ಎಂದುಕೊಂಡರೆ ಹೆದ್ದಾರಿ ಬದಿಯಲ್ಲಿ ಆ ಆಟ ನಡೆಯುವುದಿಲ್ಲ. ಹಳೆಯ ಕಟ್ಟಡದ ಮುಂದೆ ಗಾಡಿಗಳು ಎಲ್ಲಿಂದ ಬೇಕಾದರೂ ನುಗ್ಗುತ್ತಿದ್ದವು, ಎಲ್ಲಿಂದ ಬೇಕಾದರೂ ಹೊರಬೀಳುತ್ತಿದ್ದವು. ಹೊಸದಾಗಿ ಕಟ್ಟುವುದಾದರೆ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಒಂದು ದಾರಿ, ತಿರುವಿನಿಂದ ಇಷ್ಟು ದೂರ ಎಂದು ಇಲಾಖೆಯ ಅನುಮತಿ ಬೇಕು. ಅದಕ್ಕೂ ಮೊದಲು ರಸ್ತೆಯ ಜಾಗ ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದು ಕೆಂಪು ಗುರುತು ಹಾಕಬೇಕು. "ನಲವತ್ತು ವರ್ಷದಿಂದ ಇರೋ ದಾರಿಗೆ ಈಗ್ಯಾಕೆ ಅನುಮತಿ?" ಎಂದು ಮಾಲೀಕರು ಕಚೇರಿಯ ಮೆಟ್ಟಿಲು ಸವೆಸಿದ್ದರು. ಆ ಮಾತು ಅಲ್ಲಿ ನಡೆದಿರಲಿಲ್ಲ.

ಹೀಗೆ ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಳತೆಗೆ ಎಲ್ಲರೂ ಸೇರುತ್ತಾರೆ. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ಇಲಾಖೆಯ ಇಂಜಿನಿಯರ್ ಮೇಡಂ, ನಕ್ಷೆಯ ಸುರುಳಿ ಹಿಡಿದ ಮಾಲೀಕರು, ಕೆಂಪು ಬಣ್ಣದ ಡಬ್ಬಿ ಹಿಡಿದ ಒಬ್ಬ ಕೆಲಸಗಾರ, ಟೇಪು ಹಿಡಿಯಲು ದಾರದಕ್ಕ. ಅಂಗಡಿಯ ಬಾಗಿಲಲ್ಲಿ ಕೈಕಟ್ಟಿ ನಿಂತ ತಂಗಿ. ಅವಳ ಅಂಗಡಿ ವಸತಿಗೃಹಕ್ಕೆ ಅಂಟಿಕೊಂಡೇ ಇದೆ. ಇಲ್ಲಿ ಬಿದ್ದ ಗುರುತು ಅಲ್ಲಿಗೂ ಬೀಳುತ್ತದೆ ಎಂದು ಅವಳಿಗೆ ಗೊತ್ತು.

ಆದೇಶದಲ್ಲಿರುವುದು ಒಂದೇ ಸಾಲು: ರಸ್ತೆಯ ನಡುವಿನಿಂದ ಹದಿನೈದು ಮೀಟರ್ ಇಲಾಖೆಯ ಜಾಗ.

"ಟೇಪಿನ ಸೊನ್ನೆ ಬಿಳಿ ಗೆರೆ ಮೇಲಿಡಿ, ಅಕ್ಕ" ಅನ್ನುತ್ತಾರೆ ಮೇಡಂ.

ದಾರದಕ್ಕ ಇಡುತ್ತಾರೆ. ಟೇಪು ಬಿಚ್ಚುತ್ತಾ ಹೋಗಿ ಹದಿನೈದಕ್ಕೆ ಬಂದಾಗ ವಸತಿಗೃಹದ ಮುಂಬಾಗಿಲ ಮೆಟ್ಟಿಲನ್ನು ಮುಟ್ಟುತ್ತದೆ. ಒಂದು ಅಂಗುಲ ಆಚೆಯಿಲ್ಲ, ಈಚೆಯಿಲ್ಲ. ಮಾಲೀಕರ ಮುಖ ಅರಳುತ್ತದೆ. ಹೊಸ ಗೋಡೆಯನ್ನು ಅವರು ನಕ್ಷೆಯಲ್ಲಿ ಬರೆಸಿರುವುದೂ ಸರಿಯಾಗಿ ಆ ಮೆಟ್ಟಿಲ ಮೇಲೆಯೇ. ಅತ್ತ ತಂಗಿ ಕಟ್ಟಿದ ಕೈ ಬಿಚ್ಚುತ್ತಾಳೆ. ಅವಳ ಅಂಗಡಿಯ ಮುಂಗಟ್ಟೂ ಉಳಿಯಿತು. ಕೆಂಪು ಡಬ್ಬಿಯ ಮುಚ್ಚಳ ತೆರೆದಾಗಿದೆ. ಬ್ರಷ್ಷು ಅದ್ದಿಯೂ ಆಗಿದೆ.

ದಾರದಕ್ಕನ ಬೆರಳು ಮಾತ್ರ ಸೊನ್ನೆಯ ಮೇಲೆ ಒತ್ತಿಕೊಂಡೇ ಇದೆ. ಏಕೆಂದರೆ ಆ ಬಿಳಿ ಗೆರೆ ಎಳೆದದ್ದು ಅವರೇ. ಹತ್ತೊಂಬತ್ತು ವರ್ಷದ ಹಿಂದೆ ಈ ರಸ್ತೆಯನ್ನು ಅಗಲ ಮಾಡಿದಾಗ ಈಚೆ ಕಡೆ ಕಟ್ಟಡಗಳಿದ್ದವು, ಆಚೆ ಕಡೆ ಬಯಲಿತ್ತು. ಆದ್ದರಿಂದ ಆಚೆ ಕಡೆಗಷ್ಟೇ ಬೆಳೆಸಿದರು. ಟಾರು ಅತ್ತ ಬೆಳೆದ ಮೇಲೆ ಗೆರೆಯೂ ಅತ್ತ ಸರಿಯಿತು. ಸರಿಸಿದ ದಾರ ಇದೇ ಹೆಬ್ಬೆರಳಲ್ಲಿತ್ತು. ಆದರೆ ಇಲಾಖೆಯ ಜಾಗವನ್ನು ಅಳೆದು ಗಡಿಕಲ್ಲು ನೆಟ್ಟದ್ದು ಅದಕ್ಕೂ ಎಷ್ಟೋ ಮೊದಲು, ಹಳೆಯ ರಸ್ತೆಯ ನಡುವಿನಿಂದ. ಹಳೆಯ ನಕ್ಷೆ ಕಚೇರಿ ಬದಲಾಯಿಸುವಾಗ ಎಲ್ಲಿ ಸೇರಿತೋ ಯಾರಿಗೂ ಗೊತ್ತಿಲ್ಲ. ಉಳಿದವರಿಗೆ ನಡು ಅಂದರೆ ಗೆರೆ. ಗೆರೆ ಎಳೆದವರಿಗೆ ಮಾತ್ರ ಅದು ನಡು ಅಲ್ಲವೆಂದು ಗೊತ್ತು.

ಅವರನ್ನು ಯಾರೂ ಕೇಳಿಲ್ಲ. ಟೇಪು ಹಿಡಿಯುವವರನ್ನು ಯಾರು ತಾನೇ ಕೇಳುತ್ತಾರೆ? ಬಾಯಿ ಮುಚ್ಚಿಕೊಂಡಿದ್ದರೆ ತಂಗಿಯ ಅಂಗಡಿ ಉಳಿಯುತ್ತದೆ, ಮಾಲೀಕರು ಖುಷಿ, ಮೇಡಂ ಮಧ್ಯಾಹ್ನದೊಳಗೆ ಕಚೇರಿ ಸೇರುತ್ತಾರೆ. ದಾರದಕ್ಕ ಮೆಟ್ಟಿಲನ್ನೂ ತಿರುವನ್ನೂ ಒಮ್ಮೆ ನೋಡುತ್ತಾರೆ. ಆ ಮೆಟ್ಟಿಲ ಮೇಲೆ ಮೂರು ಅಂತಸ್ತು ಎದ್ದರೆ ಒಳಗಿಂದ ಹೊರಡುವ ಗಾಡಿಗೆ ತಿರುವು ಕಾಣುವುದಿಲ್ಲ. ಮೂಗು ರಸ್ತೆಗೆ ಬಂದಮೇಲೆಯೇ ಕಣ್ಣು ರಸ್ತೆಗೆ ಬರುವುದು. ಬ್ರಷ್ಷಣ್ಣನ ಕಾಲು ಹೋದ ದಿನ ಆದದ್ದೂ ಅದೇ.

"ಮೇಡಂ, ಒಂದ್ನಿಮಿಷ" ಅನ್ನುತ್ತಾರೆ. "ಗೆರೆ ಇದ್ದಲ್ಲಿ ನಡು ಇಲ್ಲ."

ಬ್ರಷ್ಷು ಹಿಡಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಮಾಲೀಕರು ಮೊದಲು ನಗುತ್ತಾರೆ. "ಇದೇನಕ್ಕಾ ತಮಾಷೆ? ರಸ್ತೆ ನಡುವೆ ಕೂತ್ಕೊಂಡು ನಡು ಇಲ್ಲಿಲ್ಲ ಅಂತೀರಲ್ಲ. ಯಾರಾದ್ರೂ ಹೊತ್ಕೊಂಡು ಹೋದ್ರಾ?"

"ನಾನೇ ಸಾರ್, ಹೊತ್ಕೊಂಡು ಹೋಗಿದ್ದು" ಎಂದು ಅವರು ಅಗಲೀಕರಣದ ಕತೆ ಹೇಳುತ್ತಾರೆ. ಮಾಲೀಕರ ನಗು ಇಳಿಯುತ್ತದೆ. ಅವರು ತಗ್ಗಿದ ದನಿಯಲ್ಲಿ, ಹಿತ ಬಯಸುವವರ ಹಾಗೆಯೇ ಕೇಳುತ್ತಾರೆ, "ನಡು ಈಚೆ ಬಂದ್ರೆ ನಿಮ್ಮ ತಂಗಿ ಅಂಗಡಿನೂ ಹೋಗುತ್ತಲ್ಲ ಅಕ್ಕ. ಯೋಚನೆ ಮಾಡಿದ್ದೀರಾ?"

"ಹೌದು ಸಾರ್. ಅದನ್ನೇ ಮಾಡ್ತಾ ಇದ್ದೆ."

ಮೇಡಂ ಗೊಂದಲದಲ್ಲಿದ್ದಾರೆ. ಬರೀ ಮಾತಿನ ಮೇಲೆ ಸಹಿ ಹಾಕಲಾಗದು. "ಸಾಕ್ಷಿ ಏನಿದೆ, ಅಕ್ಕ?"

"ಮೋರಿ ಇದೆಯಲ್ಲ, ಮೇಡಂ."

ರಸ್ತೆಯಡಿ ನೀರು ಹಾಯಲೆಂದು ಕಟ್ಟಿದ ಮೋರಿ ಅಲ್ಲಿಂದ ಮೂವತ್ತು ಹೆಜ್ಜೆ ದೂರ. ಹಳೆಯ ರಸ್ತೆಯಷ್ಟು ಉದ್ದಕ್ಕೆ ಅದನ್ನು ಕಲ್ಲಲ್ಲಿ ಕಟ್ಟಿದ್ದರು. ರಸ್ತೆ ಬೆಳೆಸಿದಾಗ ಆಚೆ ತುದಿಗೆ ಸಿಮೆಂಟಿನ ಮೋರಿ ಜೋಡಿಸಿದರು. ಕಲ್ಲು ಎಲ್ಲಿ ಮುಗಿಯುತ್ತದೋ ಹಳೆಯ ರಸ್ತೆ ಅಲ್ಲಿಗೆ ಮುಗಿದಿತ್ತು. ಕಲ್ಲಿನ ಉದ್ದದಲ್ಲಿ ಅರ್ಧ ತೆಗೆದರೆ ಹಳೆಯ ನಡು ಸಿಗುತ್ತದೆ. ಆದರೆ ಅದನ್ನು ಅಳೆಯಬೇಕಾದರೆ ರಸ್ತೆಯ ಹೊಟ್ಟೆಯೊಳಗೆ ತೂರಬೇಕು.

ಮೋರಿಯ ಬಾಯಿ ಸೊಂಟದೆತ್ತರವೂ ಇಲ್ಲ. ದಾರದಕ್ಕ ಬಾಯಲ್ಲಿ ಟಾರ್ಚು ಕಚ್ಚಿ, ಟೇಪಿನ ಸೊನ್ನೆಯನ್ನು ಹೊರಗೆ ಮೇಡಂ ಕೈಗೆ ಕೊಟ್ಟು, ಅಂಬೆಗಾಲಿಡುತ್ತಾ ಒಳಗೆ ಹೋಗುತ್ತಾರೆ. ಕೆಳಗೆ ಹೂಳು, ಒಡೆದ ಬಾಟಲಿ ಚೂರು. ತಲೆಗೆ ಮೊಳವೂ ಇಲ್ಲದಷ್ಟು ಮೇಲೆ ಹಾಸುಗಲ್ಲು, ಅದರ ಮೇಲೆ ಹೆದ್ದಾರಿ. ಒಂದು ಲಾರಿ ಹಾದಾಗ ಇಡೀ ಮೋರಿ ನಡುಗಿ ಮಣ್ಣು ಕತ್ತಿನ ಮೇಲೆ ಉದುರುತ್ತದೆ. ಬೆವರಿನಲ್ಲಿ ಕಣ್ಣುರಿಯುತ್ತದೆ. ಕೊನೆಗೆ ಟಾರ್ಚಿನ ಬೆಳಕಿಗೆ ಆ ಸಂದು ಕಾಣುತ್ತದೆ. ಇತ್ತ ಕಪ್ಪು ಕಲ್ಲು, ಅತ್ತ ಬೂದು ಸಿಮೆಂಟು, ನಡುವೆ ಬೆರಳು ತೂರುವಷ್ಟು ಬಿರುಕು. ಟೇಪಿನಲ್ಲಿ ಹನ್ನೆರಡು.

"ಎಷ್ಟು ಅಕ್ಕಾ?" ಹೊರಗಿಂದ ಮೇಡಂ ಕೂಗುತ್ತಾರೆ.

ಆ ಗಳಿಗೆಯನ್ನು ಈಗ ನೆನೆಯುವಾಗಲೂ ದಾರದಕ್ಕನ ದನಿ ಇಳಿಯುತ್ತದೆ. "ಒಳಗೆ ನಾನೊಬ್ಳೇ. ಕಲ್ಲು ಕೊನೇ ತನಕ ಹೋಗಿದೆ, ಹದಿನಾರು ಅಂತ ಕೂಗಿದ್ರೆ ಮುಗೀತು. ನಡು ಗೆರೆ ಮೇಲೇ ಬರ್ತಿತ್ತು. ಆ ಹೂಳಲ್ಲಿ ಯಾರು ತೂರಿ ನೋಡ್ತಿದ್ರು? ನಮ್ಮಮ್ಮ ಸಾಯೋವಾಗ ಇವಳ ಕೈ ತಂದು ನನ್ನ ಕೈಯಲ್ಲಿ ಇಟ್ಟಿದ್ಲು. ಅದೂ ನೆನಪಾಯ್ತು. ಬ್ರಷ್ಷಣ್ಣನ ಚಪ್ಪಲಿನೂ ನೆನಪಾಯ್ತು. ಆವತ್ತು ಎರಡು ಚಪ್ಪಲಿನೂ ನಾನೇ ಎತ್ಕೊಂಡಿದ್ದೆ. ಎರಡನೇದು ಯಾರಿಗೆ ಕೊಡ್ಬೇಕು ಅಂತ ಗೊತ್ತಾಗ್ಲಿಲ್ಲ."

ತಲೆಯ ಮೇಲೆ ಇನ್ನೊಂದು ಲಾರಿ ಹಾಯುತ್ತದೆ. ಅದರ ಸದ್ದು ಇಳಿಯಲಿ ಎಂದು ಅವರು ಕಾಯುತ್ತಾರೆ.

"ಹನ್ನೆರಡು!" ಎಂದು ಕೂಗುತ್ತಾರೆ. "ಕಲ್ಲು ಹನ್ನೆರಡಕ್ಕೆ ಮುಗೀತು. ಅಲ್ಲಿಂದಾಚೆ ಸಿಮೆಂಟು ನಾಲ್ಕು."

ಮೇಡಂ ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಹಾಕುತ್ತಾರೆ. ಈ ತುದಿಯಿಂದ ಹಳೆಯ ನಡು ಆರಕ್ಕೆ, ಬಿಳಿ ಗೆರೆ ಎಂಟಕ್ಕೆ. ಎರಡು ಮೀಟರ್ ವ್ಯತ್ಯಾಸ. ದಾರದಕ್ಕನ ಲೆಕ್ಕದಲ್ಲಿ ಎರಡೂವರೆ ಹೆಜ್ಜೆ. ಅಂದರೆ ಗಡಿಕಲ್ಲು ಮೆಟ್ಟಿಲಿನಲ್ಲಿಲ್ಲ, ಮೆಟ್ಟಿಲಿನಿಂದ ಎರಡು ಮೀಟರ್ ಒಳಗೆ, ವಸತಿಗೃಹದ ಹಜಾರದೊಳಗೇ ಇರಬೇಕು.

ಮಾಲೀಕರು ಕಡ್ಡಿ ಮುರಿದಂತೆ ಹೇಳುತ್ತಾರೆ, "ಅಗೀರಿ. ಕಲ್ಲು ಸಿಕ್ಕರೆ ಒಪ್ಪಿಕೊಳ್ತೀನಿ. ಸಿಗದಿದ್ರೆ ಈ ಮಾತು ಇಲ್ಲಿಗೇ ಬಿಡಬೇಕು."

ಹಜಾರದ ನೆಲಹಾಸು ಹಾರೆಯ ಏಟಿಗೆ ಸೀಳುತ್ತದೆ. ಒಂದು ಅಡಿ ಅಗೆದಾಯಿತು, ಬರೀ ಇಟ್ಟಿಗೆ ಚೂರು. ಎರಡು ಅಡಿ, ಬರೀ ಮಣ್ಣು. ಮೇಡಂ ಗಡಿಯಾರ ನೋಡಿಕೊಳ್ಳುತ್ತಾರೆ. ಮೈತುಂಬ ಹೂಳು ಮೆತ್ತಿಕೊಂಡ ದಾರದಕ್ಕ ಗುಂಡಿಯ ಅಂಚಿನಲ್ಲಿ ನಿಂತಿದ್ದಾರೆ. ಕಲ್ಲು ಸಿಗಲಿ ಅನ್ನಿಸುತ್ತಿದೆ. ಸಿಗದಿದ್ದರೂ ಆಯಿತು ಅಂತಲೂ ಅನ್ನಿಸುತ್ತಿದೆ. ಅಷ್ಟರಲ್ಲಿ ಹಾರೆ ಠಣ್ಣೆನ್ನುತ್ತದೆ. ಕೈಯಿಂದ ಮಣ್ಣು ಸರಿಸಿದರೆ ಕಲ್ಲಿನ ತಲೆ, ಅದರ ಮೇಲೆ ಕೊರೆದ ಬಾಣದ ಗುರುತು, ಗುರುತಿನೊಳಗೆ ಇನ್ನೂ ಅಳಿಯದ ಹಳದಿ ಬಣ್ಣ. ಮಾಲೀಕರು ಮೆಟ್ಟಿಲ ಮೇಲೆ ಕುಸಿದು ಕೂರುತ್ತಾರೆ.

ಅದೇ ಅಳತೆಗೆ ಅಗೆದಾಗ ತಂಗಿಯ ಅಂಗಡಿಯಾಚೆ ಮುಂದಿನ ಗಡಿಕಲ್ಲೂ ಸಿಗುತ್ತದೆ; ಈ ಕಲ್ಲಿನಿಂದ ಅದಕ್ಕೆ ದಾರ ಹಿಡಿಯುವುದು ಉಳಿದಿದೆ. ಹಿಡಿಯುವವರು ಬೇರೆ ಯಾರಿದ್ದಾರೆ? ದಾರ ತಂಗಿಯ ಅಂಗಡಿಯ ತಗಡಿನ ಗೋಡೆಯ ತೂತಿನಲ್ಲಿ ಒಳಹೊಕ್ಕು, ಗಾಳಿ ತುಂಬುವ ಯಂತ್ರದ ಮೇಲೆ ಹಾದು, ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಯಂತ್ರ, ಟಯರ್ ರಾಶಿ, ಮೇಲಿನ ಚಾವಣಿ, ತಂಗಿ ಕೂರುವ ಸ್ಟೂಲು ಎಲ್ಲವೂ ದಾರದಿಂದ ರಸ್ತೆಯ ಕಡೆಗಿವೆ. ದಾರ ಸ್ವಲ್ಪ ಜೋತಿದೆ. ತಂಗಿ ಅದನ್ನು ನೋಡುತ್ತಾಳೆ, ಅದರ ತುದಿಯಲ್ಲಿರುವ ಹೆಬ್ಬೆರಳನ್ನೂ ನೋಡುತ್ತಾಳೆ.

"ಎಳಿ, ಇನ್ನೂ ಬಿಗಿಯಾಗಿ ಎಳಿ" ಅನ್ನುತ್ತಾಳೆ. "ಹೊರಗಿನವರು ಎಳೆದಿದ್ರೆ ಇಷ್ಟು ನೇರ ಬರ್ತಿರ್ಲಿಲ್ಲ."

ಅದೇ ಕೊನೆಯ ಮಾತು.

ಆಮೇಲಿನದ್ದು ಕಾಗದದ ಮೇಲೆ ಸುಲಭವಾಗಿ ಮುಗಿದಿದೆ. ಮಾಲೀಕರು ನಕ್ಷೆ ಬದಲಾಯಿಸಿದ್ದಾರೆ. ಗೋಡೆ ಎರಡು ಮೀಟರ್ ಹಿಂದೆ ಹೋಗಿದೆ. ಗಾಡಿಗಳು ಒಳಬರುವ ದಾರಿಯೂ ಹೊರಹೋಗುವ ದಾರಿಯೂ ತಿರುವಿನಿಂದ ದೂರದ ತುದಿಗೆ ಸರಿದಿವೆ. ಕಟ್ಟಡ ಈಗ ಎರಡನೇ ಅಂತಸ್ತಿಗೆ ಬಂದಿದೆ. "ಆವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದ್ರೆ ಕಟ್ಟಿ ಮುಗಿಸಿದ ಮೇಲೆ ಯಾರಾದ್ರೂ ಮೋರಿಗೆ ಇಳಿದಿದ್ರೆ ನಾನು ಗೋಡೇನೇ ಒಡೀಬೇಕಿತ್ತು" ಎಂದು ಮಾಲೀಕರು ಈಗ ಒಪ್ಪಿಕೊಳ್ಳುತ್ತಾರೆ. ಅಕ್ಕ ಎದುರಾದರೆ ನಮಸ್ಕಾರವನ್ನೂ ಮಾಡುತ್ತಾರೆ, ಸ್ವಲ್ಪ ಬಿಗಿಯಾಗಿ.

ತಂಗಿಗೆ ಅದು ಕಾಗದದ ಮೇಲೆ ಮುಗಿಯಲಿಲ್ಲ. ನೋಟಿಸು ಬರುವ ತನಕ ಅವಳು ಕಾಯಲೂ ಇಲ್ಲ. ತಾನೇ ಗಂಡನ ಜೊತೆ ನಿಂತು ತಗಡಿನ ಗೋಡೆ ಬಿಚ್ಚಿದಳು, ಚಾವಣಿ ಕತ್ತರಿಸಿದಳು, ಟಯರ್ ರಾಶಿಯನ್ನು ಹಿತ್ತಲಿಗೆ ಸಾಗಿಸಿದಳು. ಅಂಗಡಿ ಹಿಂದೆ ಸರಿದದ್ದಕ್ಕೆ ಬೋರ್ಡು ದೂರದಿಂದ ಕಾಣುವುದಿಲ್ಲ. ಮೊದಲು ದಿನಕ್ಕೆ ಇಪ್ಪತ್ತು ಚಕ್ರ ಬಿಚ್ಚುತ್ತಿದ್ದವರು ಈಗ ಹನ್ನೆರಡು ಬಿಚ್ಚಿದರೆ ಹೆಚ್ಚು. ಇದರಲ್ಲಿ ದಾರದಕ್ಕನಿಗೆ ಯಾವ ಸಮಾಧಾನವೂ ಇಲ್ಲ. "ಸರಿ ಮಾಡಿದೆ ಅಂತ ಎಲ್ಲರೂ ಹೇಳ್ತಾರೆ. ಹೇಳಿ ಅವರವರ ಮನೆಗೆ ಹೋಗ್ತಾರೆ" ಅನ್ನುತ್ತಾರೆ. ಎರಡು ಸಲ ತಂಗಿಯ ಮನೆ ಬಾಗಿಲ ತನಕ ಹೋಗಿ ಬಂದಿದ್ದಾರೆ. ಬಾಗಿಲು ತೆರೆದದ್ದು ತಂಗಿಯ ಗಂಡ. ಚಹಾ ಕೊಟ್ಟದ್ದೂ ಅವನೇ. ತಂಗಿ ಒಳಕೋಣೆಯಲ್ಲಿ ಪಾತ್ರೆ ಸದ್ದು ಮಾಡುತ್ತಲೇ ಇದ್ದಳಂತೆ.

ಈಗ ಬೆಳಕು ಹರಿದಿದೆ. ಬಣ್ಣದ ಗಾಡಿ ಗಡಗಡ ಎನ್ನುತ್ತಾ ದಾರದಕ್ಕನ ಪಕ್ಕಕ್ಕೇ ಬಂದಿದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಆಗಬೇಕಾದ ಆಸೆ ಏನಾದರೂ ಇದೆಯೇ ಎಂದರೆ ಅವರು ಮೊದಲು ಕೆಲಸದ ಮಾತೇ ಆಡುತ್ತಾರೆ. "ನಲವತ್ತು ಕೋನೂ ವಾಪಸ್ ಬರಬೇಕು. ನಮ್ಮವರ ಕಾಲೂ ಎಲ್ಲಾ ವಾಪಸ್ ಬರಬೇಕು." ಆಮೇಲೆ ಗಾಡಿಯ ಸದ್ದು ಮೀರಿಸುವ ಹಾಗೆ, "ಇನ್ನೊಂದಿದೆ. ಅದು ನನ್ನ ಕೈಲಿಲ್ಲ" ಅನ್ನುತ್ತಾ ಟಯರ್ ಅಂಗಡಿಯ ಕಡೆ ನೋಡುತ್ತಾರೆ. ತಂಗಿ ಸ್ಟೂಲಿನ ಮೇಲೆ ಕೂತು ಚಕ್ರವೊಂದನ್ನು ತಿರುವಿ ನೋಡುತ್ತಿದ್ದಾಳೆ. ಮೊದಲು ಅವಳ ಎದುರಿಗೆ ತಗಡಿನ ಗೋಡೆಯಿತ್ತು, ಟಯರ್ ರಾಶಿಯಿತ್ತು. ಈಗ ಏನೂ ಇಲ್ಲ. ಕೂತಲ್ಲಿಂದಲೇ ಅವಳಿಗೆ ಇಡೀ ತಿರುವು ಕಾಣುತ್ತದೆ.

ಈಗಷ್ಟೇ ಹಾದ ಇನ್ನೊಂದು ಲಾರಿ ಎರಡು ಕೋನ್ ಬೀಳಿಸಿದೆ. ಬರುವ ಗಾಡಿಗಳಿಗೆ ಕೆಂಪು ಬಾವುಟ ತೋರಿಸಬೇಕಾದವನು ಅವನ್ನು ಎತ್ತಲು ಬಗ್ಗಿದ್ದಾನೆ. ದಾರದಕ್ಕ ದಾರದ ಮೇಲೆ ಬಗ್ಗಿದ್ದಾರೆ. ಅಂಗೈ ಟಾರಿನ ಮೇಲಿದೆ, ಆದರೆ ಅದಕ್ಕೆ ತಿಳಿಯುತ್ತಿರುವುದು ಬಣ್ಣದ ಗಾಡಿಯ ನಡುಕವೊಂದೇ.

"ಅಕ್ಕಾ! ಬಸ್ಸು! ಈಚೆ ಬಾ ಅಕ್ಕಾ!"

ದಾರದಕ್ಕ ಹಿಂದೆಮುಂದೆ ನೋಡದೆ ಅಂಚಿಗೆ ಹಾರುತ್ತಾರೆ. ಜೊತೆಯವರೂ ಹಾರುತ್ತಾರೆ. ಇಂಜಿನ್ನಿನ ಸದ್ದೇ ಇಲ್ಲದ ಹೊಸ ಬ್ಯಾಟರಿ ಬಸ್ಸೊಂದು ದಾರವನ್ನು ತುಳಿದುಕೊಂಡು, ಅವರು ಕೂತಿದ್ದ ಜಾಗದ ಮೇಲೆಯೇ ಹಾದು ಹೋಗುತ್ತದೆ. ಅಂಗಡಿಯ ಮುಂದೆ ತಂಗಿ ನಿಂತಿದ್ದಾಳೆ, ಕೈಯಲ್ಲಿದ್ದ ಚಕ್ರ ಉರುಳಿ ಎತ್ತಲೋ ಹೋಗಿದೆ. ಅಕ್ಕ ಎರಡು ಕಾಲ ಮೇಲೆ ನೆಟ್ಟಗೆ ನಿಂತದ್ದನ್ನು ನೋಡಿದ ಮೇಲೆ ಸರಕ್ಕನೆ ಒಳಗೆ ಹೋಗುತ್ತಾಳೆ.

ದಾರದಕ್ಕ ತುಂಡಾದ ದಾರಕ್ಕೆ ಗಂಟು ಹಾಕುತ್ತಾರೆ. ಒಂದು ಸಲಕ್ಕೆ ಗಂಟು ಕೂರುವುದಿಲ್ಲ. ಎರಡನೇ ಸಲ ಕೂರುತ್ತದೆ.

"ಕೇಳಿಸ್ತಲ್ಲ ನಿಮಗೂ?" ಅನ್ನುತ್ತಾರೆ. "ಎರಡು ಸಲ ಅಂದ್ಲು."